ಹಳೇ ರಿವಾಲ್ವರ್ ಹುಡುಕುವ ಮೊದಲು ಹಳೇ ಕಾಗದ ಹುಡುಕಿ

ಮಹಾನವಮಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. ಆಯುಧ ಪೂಜೆಗೆಂದು ಮನೆಯವರು ಅಟ್ಟದ ಟ್ರಂಕು ಇಳಿಸಿರುತ್ತಾರೆ. ಹಳೇ ಕತ್ತಿ, ಕುಡಗೋಲು, ತಕ್ಕಡಿಯ ಜೊತೆ ಬಟ್ಟೆಯಲ್ಲಿ ಸುತ್ತಿದ ಭಾರವಾದ ಗಂಟೊಂದು ಸಿಕ್ಕಿರುತ್ತದೆ.

"ಅಣ್ಣಾ, ನಮ್ಮ ತಾತನ ರಿವಾಲ್ವರ್ ಸಿಕ್ಕೈತೆ. ಬ್ರಿಟಿಷರ ಕಾಲದ್ದಂತೆ. ನೀವು ಇಂಥವನ್ನ ಹುಡುಕ್ತೀರಲ್ಲ, ಬಂದು ನೋಡ್ತೀರೇನು?"

"ನೋಡೋಣ. ಲೈಸೆನ್ಸ್ ಎಲ್ಲೈತೆ?"

"ಲೈಸೆನ್ಸಾ? ತಾತ ಹೋಗೇ ನಲವತ್ತು ವರ್ಷ ಆತಲ್ಲಣ್ಣ."

ಇಲ್ಲಿಗೆ ಮಾತು ನಿಲ್ಲುತ್ತದೆ. ಬಳ್ಳಾರಿಯಲ್ಲಿ ಕೂತು ಹಳೇ ರಿವಾಲ್ವರ್ ಸಂಗ್ರಹಿಸಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಕಡೆ ಹಳೇ ಕಬ್ಬಿಣ ಅಪರೂಪವಲ್ಲ. ಕಾಗದದ ಸರಪಳಿ ಕಡಿಯದೆ ಕೈಗೆ ಬಂದ ಹಳೇ ಕಬ್ಬಿಣ ಅಪರೂಪ. ಕಾಗದ ಇಲ್ಲದ ರಿವಾಲ್ವರ್ ಎಷ್ಟೇ ಚೆಂದವಾಗಿದ್ದರೂ ಅದು ಸಂಗ್ರಹದ ವಸ್ತು ಆಗುವುದಿಲ್ಲ, ಕೇಸು ಆಗುತ್ತದೆ. ಆಯುಧ ಕಾಯ್ದೆಗೆ ಬಂದ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ತಾತನ ನೆನಪಿಗೆ ಇಟ್ಟುಕೊಂಡಿದ್ದೆ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಇಂಥ ರಿವಾಲ್ವರುಗಳು ನಮ್ಮ ಕಡೆ ಬಂದಿದ್ದು ಹೇಗೆ

ಗುಂಡಿನ ಆಯುಧ ಈ ಸೀಮೆಗೆ ಹೊಸದಲ್ಲ. 1520ರ ರಾಯಚೂರು ಯುದ್ಧದಲ್ಲೇ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಮೇಲಿದ್ದವರಿಗೆ ಗುರಿಯಿಟ್ಟಿದ್ದರು. ಆದರೆ ರಿವಾಲ್ವರ್ ಬಹಳ ತಡವಾಗಿ ಬಂದ ವಸ್ತು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ನಾಡಿನಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಇಂಗ್ಲೆಂಡಿನ ಆಡಮ್ಸ್ ರಿವಾಲ್ವರ್ 1851ರದ್ದು. 1857ರ ದಂಗೆಯ ಹೊತ್ತಿಗೆ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇವೆರಡೂ ಇದ್ದವು. ಅದೇ ಹೊತ್ತಲ್ಲಿ ನಮ್ಮವರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಹಲಗಲಿಯ ಬೇಡರು ಸಿಡಿದೆದ್ದದ್ದು ಅದರ ವಿರುದ್ಧ. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಹೋರಾಡಿ ಮಡಿದ. ಇವತ್ತಿನ ಲೈಸೆನ್ಸ್ ಪದ್ಧತಿಯ ಬೇರು ಅಲ್ಲಿದೆ. 1878ರ ಆಯುಧ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯ್ದೆ ತಂದಿತು.

ಬಳ್ಳಾರಿಯ ಕಥೆ ಸ್ವಲ್ಪ ಬೇರೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಕೋಟೆ ಊರು ದಂಡಿನ ಊರಾಯಿತು. ಕಂಟೋನ್ಮೆಂಟ್, ಕೌಲ್ ಬಜಾರ್, ಬ್ರೂಸ್‌ಪೇಟೆ ಎಲ್ಲ ಆ ಕಾಲದ ಗುರುತುಗಳು. ಬ್ರಿಟಿಷ್ ಅಧಿಕಾರಿಗಳು ರಿವಾಲ್ವರನ್ನು ಬಹುಮಟ್ಟಿಗೆ ಸ್ವಂತ ದುಡ್ಡಿನಲ್ಲೇ ಕೊಳ್ಳುತ್ತಿದ್ದರು. ವರ್ಗವಾದಾಗ, ನಿವೃತ್ತಿಯಾದಾಗ ಕೆಲವರು ಮಾರಿ ಹೋದರು. ಜಮೀನ್ದಾರರು, ವಕೀಲರು, ಹತ್ತಿ ವ್ಯಾಪಾರಿಗಳು, ಸಂಡೂರಿನಂಥ ಸಣ್ಣ ಸಂಸ್ಥಾನದವರು ಲೈಸೆನ್ಸ್ ಮಾಡಿಸಿ ಕೊಂಡರು. ಹಾಗಾಗಿ ಹಳೇ ರಿವಾಲ್ವರಿನ ಮೇಲೆ ಇಂಗ್ಲೆಂಡಿನ ತಯಾರಕನ ಹೆಸರಿನ ಜೊತೆ ಕಲ್ಕತ್ತಾದ ಮ್ಯಾಂಟನ್ ಅಥವಾ ರೋಡಾ ಎಂಬ ಅಂಗಡಿಯ ಹೆಸರೂ ಇರಬಹುದು. ಆ ಹೆಸರು ಕಂಡರೆ ಖುಷಿಪಡಿ. ವಸ್ತು ಯಾವ ದಾರಿಯಲ್ಲಿ ಬಂತು ಎಂದು ಅದು ಹೇಳುತ್ತದೆ.

ಇಲ್ಲೊಂದು ಎಚ್ಚರಿಕೆ. ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರರ ಜೊತೆ ನಡೆದ ಬೋಯರ್ ಯುದ್ಧದ ಕೈದಿಗಳನ್ನು ಬ್ರಿಟಿಷರು ಬಳ್ಳಾರಿಯಲ್ಲಿ ಇಟ್ಟಿದ್ದು ನಿಜ. ಇಂಗ್ಲೆಂಡಿನ ವೆಬ್ಲಿ ಕಂಪನಿಯ 1899ರ ಮಾರ್ಕ್ 4 ಮಾದರಿಗೆ ಸಂಗ್ರಾಹಕರು 'ಬೋಯರ್ ವಾರ್ ಮಾಡೆಲ್' ಎನ್ನುವುದೂ ನಿಜ. ಎರಡನ್ನೂ ಗಂಟುಹಾಕಿ "ಇದು ಬೋಯರ್ ಕೈದಿಯ ರಿವಾಲ್ವರ್" ಎಂದು ಯಾರಾದರೂ ಹೇಳಿದರೆ ಸ್ವಲ್ಪ ಯೋಚಿಸಿ. ಕೈದಿಯನ್ನು ಹಡಗಿನಲ್ಲಿ ಸಮುದ್ರ ದಾಟಿಸುವಾಗ ಅವನ ಸೊಂಟದಲ್ಲಿ ರಿವಾಲ್ವರ್ ಬಿಟ್ಟಿರುತ್ತಾರಾ? ಅದೂ ಅಲ್ಲದೆ ಮಾರ್ಕ್ 4 ಬ್ರಿಟಿಷರ ಆಯುಧ. ಅದಕ್ಕೆ ಆ ಹೆಸರು ಬಂದದ್ದು ಆ ಯುದ್ಧದಲ್ಲಿ ಬ್ರಿಟಿಷರು ಬಳಸಿದ್ದರಿಂದ. ನಿಜಾಮನ ಪರ ನಿಂತ ರಜಾಕಾರರ ಕಾಲದ್ದು ಎಂದು ರಾಯಚೂರು, ಕೊಪ್ಪಳದ ಕಡೆ ಹೇಳುವ ಕಥೆಗಳೂ ಹೀಗೆಯೇ. ಕಥೆಯನ್ನು ಪ್ರೀತಿಯಿಂದ ಕೇಳಿ. ದುಡ್ಡು ಮಾತ್ರ ಕಥೆಗೆ ಕೊಡಬೇಡಿ.

ಅಪರೂಪ ಅಂದರೆ ಯಾವುದು?

ರಿವಾಲ್ವರ್ ಕೆಲಸ ಮಾಡುವ ರೀತಿ ಸರಳ. ಒಂದೇ ನಳಿಗೆ. ಅದರ ಹಿಂದೆ ಆರು ಗೂಡುಗಳ ಒಂದು ಉರುಳೆ, ಅಂದರೆ ಸಿಲಿಂಡರ್. ಹಿಂದಿನ ಕುದುರೆಯನ್ನು, ಅಂದರೆ ಹ್ಯಾಮರನ್ನು, ಎಳೆದಾಗ ಅಥವಾ ಟ್ರಿಗರ್ ಒತ್ತಿದಾಗ ಒಳಗಿನ ಒಂದು ಕೊಕ್ಕೆ ಸಿಲಿಂಡರನ್ನು ಒಂದು ಗೂಡಿನಷ್ಟು ತಿರುಗಿಸುತ್ತದೆ. ಮುಂದಿನ ಗುಂಡು ನಳಿಗೆಯ ಎದುರಿಗೆ ಬರುತ್ತದೆ. ವೆಬ್ಲಿಗಳ ವಿಶೇಷ ಏನೆಂದರೆ ಮೇಲಿನ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಬಹುದು. ಹಾಗೆ ಬಗ್ಗಿಸಿದಾಗ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಎದ್ದು ಹೊರಬೀಳುತ್ತವೆ.

ಹಳೇದೆಲ್ಲ ಅಪರೂಪವಲ್ಲ. 1915ರಲ್ಲಿ ಬಂದ ವೆಬ್ಲಿ ಮಾರ್ಕ್ 6 ಮೊದಲ ಮಹಾಯುದ್ಧಕ್ಕಾಗಿ ಲಕ್ಷಗಟ್ಟಲೆ ತಯಾರಾಯಿತು. ಗಟ್ಟಿ ಆಯುಧ, ಆದರೆ ಜಗತ್ತಿನ ತುಂಬ ಇದೆ. ನಿಜವಾಗಿ ಅಪರೂಪ ಎನ್ನಬಹುದಾದ್ದು ವೆಬ್ಲಿ ಫಾಸ್ಬೆರಿ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನಗೆ ಅದು ಪ್ರಾಣ.

ಅದನ್ನು ಕಂಡುಹಿಡಿದ ಜಾರ್ಜ್ ಫಾಸ್ಬೆರಿ ಬಂಗಾಳ ಸೈನ್ಯದ ಅಧಿಕಾರಿ. 1863ರಲ್ಲಿ ವಾಯವ್ಯ ಗಡಿಯ ಉಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯ ಪದಕ ಪಡೆದವನು. ಅವನ ರಿವಾಲ್ವರಿನ ಸಿಲಿಂಡರಿನ ಮೈಮೇಲೆ ಅಂಕುಡೊಂಕಾದ ಕಾಲುವೆಗಳಿವೆ. ನಮ್ಮ ಸೀರೆಯ ತೆನೆ ಅಂಚಿನ ಹಾಗೆ ಕಾಣುತ್ತವೆ. ಗುಂಡು ಹಾರಿದ ರಭಸಕ್ಕೆ ನಳಿಗೆ ಮತ್ತು ಸಿಲಿಂಡರ್ ಎರಡೂ ಸೇರಿ ಹಿಂದಕ್ಕೆ ಜಾರುತ್ತವೆ. ಕೆಳಗಿನ ಚೌಕಟ್ಟಿನಲ್ಲಿರುವ ಒಂದು ಮೊಳೆ ಆ ಕಾಲುವೆಯೊಳಗೆ ಓಡಿ ಸಿಲಿಂಡರನ್ನು ಅರ್ಧ ಹೆಜ್ಜೆ ತಿರುಗಿಸುತ್ತದೆ. ಅಷ್ಟರಲ್ಲಿ ಕುದುರೆಯೂ ತಾನಾಗಿ ಹಿಂದೆ ಬಂದು ಕೂರುತ್ತದೆ. ಸ್ಪ್ರಿಂಗು ಎಲ್ಲವನ್ನೂ ಮುಂದಕ್ಕೆ ತಳ್ಳುವಾಗ ಇನ್ನರ್ಧ ಹೆಜ್ಜೆ. ಕೈಯಿಂದ ಎಳೆಯುವ ಕೆಲಸವೇ ಇಲ್ಲ. 1901ರಲ್ಲಿ ಮಾರಾಟಕ್ಕೆ ಬಂತು. ಆ ಕಾಲುವೆಗೆ ಕೆಸರು ಹೊಕ್ಕರೆ ಕೆಡುತ್ತಿತ್ತು. ಕೈ ಸಡಿಲ ಹಿಡಿದರೆ ಹಿಂದೆ ಜಾರುವುದು ಪೂರ್ತಿಯಾಗುತ್ತಿರಲಿಲ್ಲ. ಸೈನ್ಯ ಅದನ್ನು ಅಧಿಕೃತವಾಗಿ ತೆಗೆದುಕೊಳ್ಳಲೇ ಇಲ್ಲ. ಒಟ್ಟು ತಯಾರಾದದ್ದು ಐದು ಸಾವಿರಕ್ಕಿಂತ ಕಡಿಮೆ. ಒಂದೇ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ಎಷ್ಟು ವರ್ಷದಿಂದ ಆಸೆ ಇಟ್ಟುಕೊಂಡಿದ್ದೇನೆ.

ಆದರೆ ಆಸೆಗೂ ಕಾನೂನಿಗೂ ನಡುವೆ ಒಂದು ಗೋಡೆ ಇದೆ. ಅದಕ್ಕೆ 'ಬೋರ್' ಎನ್ನುತ್ತಾರೆ, ಅಂದರೆ ನಳಿಗೆಯ ಒಳಗಿನ ಅಗಲ.

ಪಿಬಿ, ಎನ್‌ಪಿಬಿ, ಕ್ಯೂರಿಯೊ

ಬಂದೂಕು ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು ಪಿಬಿ ಮತ್ತು ಎನ್‌ಪಿಬಿ. ಪಿಬಿ ಅಂದರೆ ನಿಷೇಧಿತ ಬೋರ್. ಎನ್‌ಪಿಬಿ ಅಂದರೆ ನಿಷೇಧವಿಲ್ಲದ ಬೋರ್. ಸೈನ್ಯದ ಗುಂಡುಗಳನ್ನು ಹಾಕಿ ಹಾರಿಸಬಹುದಾದ ಆಯುಧ ಸಾಮಾನ್ಯ ಜನರ ಕೈಯಲ್ಲಿ ಇರಬಾರದು ಎನ್ನುವುದು ಇದರ ಹಿಂದಿನ ಲೆಕ್ಕ. ಹಾಗಾಗಿ .455 ಮತ್ತು .380 ಇಂಚಿನ, ಹಿಂಬದಿಗೆ ಅಂಚು (ರಿಮ್) ಇರುವ ಗುಂಡುಗಳನ್ನು ಹಾರಿಸುವ ರಿವಾಲ್ವರುಗಳು ನಿಷೇಧಿತ ಪಟ್ಟಿಯಲ್ಲಿವೆ. ಇದರ ಪರಿಣಾಮ ನೋಡಿ. ವೆಬ್ಲಿ ಮಾರ್ಕ್ 1ರಿಂದ ಮಾರ್ಕ್ 6ರವರೆಗೆ ಎಲ್ಲವೂ .455. ಫಾಸ್ಬೆರಿಯಲ್ಲಿ ಹೆಚ್ಚಿನವು .455. ಎರಡನೇ ಮಹಾಯುದ್ಧದ ಎನ್‌ಫೀಲ್ಡ್ ರಿವಾಲ್ವರ್ .380. ಅಂದರೆ ಇತಿಹಾಸ ಇಷ್ಟಪಡುವವರು ಮೊದಲು ಆಸೆಪಡುವ ರಿವಾಲ್ವರುಗಳೇ ಪಿಬಿ. ಎನ್‌ಪಿಬಿ ಲೈಸೆನ್ಸನ್ನು ನಮ್ಮ ಜಿಲ್ಲೆಗಳಲ್ಲಿ ಡಿಸಿ ಕೊಡುತ್ತಾರೆ. ಪಿಬಿಗೆ ಕೇಂದ್ರ ಗೃಹ ಇಲಾಖೆಯ ಬಾಗಿಲು ತಟ್ಟಬೇಕು.

ಹಾಗಾದರೆ ಸಾಮಾನ್ಯ ಲೈಸೆನ್ಸಿಗೆ ಸಿಗುವುದೇನು? ಮುಖ್ಯವಾಗಿ .32 ಬೋರಿನ ಹಳೇ ವೆಬ್ಲಿಗಳು, ಕೋಲ್ಟ್, ಸ್ಮಿತ್ ಅಂಡ್ ವೆಸನ್. 1980ರ ದಶಕದ ಮಧ್ಯದಲ್ಲಿ ಬಂದೂಕುಗಳ ಆಮದು ಬಹುಮಟ್ಟಿಗೆ ನಿಂತಿತು. ಅಲ್ಲಿಂದ ಈಚೆಗೆ ದೇಶದೊಳಗೆ ಇರುವಷ್ಟೇ ವಿಲಾಯತಿ ಮಾಲು ಕೈಯಿಂದ ಕೈಗೆ ಸುತ್ತುತ್ತಿದೆ. ವಿದೇಶದ ಹರಾಜಿನ ಬೆಲೆ ನೋಡಿ ಇಲ್ಲಿಯ ಬೆಲೆ ಅಂದಾಜು ಮಾಡಿದರೆ ತಪ್ಪುತ್ತದೆ. ಇಲ್ಲಿ ಅದರ ಹಲವು ಪಟ್ಟು ಇರುತ್ತದೆ. ಇನ್ನೊಂದು ಗಮನಿಸಿ. ಉತ್ತರ ಪ್ರದೇಶದ ಹರ್ದೋಯಿಯಲ್ಲಿ ಈಗ ಹೊಸದಾಗಿ ವೆಬ್ಲಿ ಹೆಸರಿನ .32 ರಿವಾಲ್ವರ್ ತಯಾರಾಗುತ್ತಿದೆ. ಹೆಸರು ಅದೇ, ಕಾಲ ಬೇರೆ.

"ಹಳೇದು, ಓಡಲ್ಲ, ಅದಕ್ಕೆ ಲೈಸೆನ್ಸ್ ಬೇಡ" ಎನ್ನುವ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಇದು ಅರ್ಧ ಸತ್ಯ. ಹಾಗಾಗಿಯೇ ಅಪಾಯ. ಕಾಯ್ದೆಯ 45ನೇ ಕಲಮು ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತಿದೆ. ರಿಪೇರಿ ಮಾಡಿದರೂ ಅದು ಬಂದೂಕಾಗಿ ಬಳಕೆಗೆ ಬರಬಾರದು. ಸ್ಪ್ರಿಂಗು ಮುರಿದ, ತುಕ್ಕು ಹಿಡಿದ ವೆಬ್ಲಿಗೆ ಹೊಸ ಸ್ಪ್ರಿಂಗು ಹಾಕಿದರೆ ಓಡುತ್ತದೆ ಅಲ್ವಾ? ಹಾಗಿದ್ದರೆ ಅದು ಕಾನೂನಿನ ಕಣ್ಣಿಗೆ ಬಂದೂಕೇ.

2020ರ ಫೆಬ್ರವರಿಯಲ್ಲಿ ಆಯುಧ ನಿಯಮಗಳಿಗೆ ಬಂದ ತಿದ್ದುಪಡಿ ಸಂಗ್ರಾಹಕರಿಗೆ ಒಂದು ಬಾಗಿಲು ತೆರೆಯಿತು. 'ಕ್ಯೂರಿಯೊ', ಅಂದರೆ ಕುತೂಹಲದ ಹಳೇ ವಸ್ತು, ಎಂಬ ಗುಂಪಿಗೆ ಸೇರುವ ಸಣ್ಣ ಆಯುಧಗಳನ್ನು ಭಾರತದ ಪ್ರಜೆಗಳು ಲೈಸೆನ್ಸ್ ಇಲ್ಲದೆ ಪಡೆದು ಇಟ್ಟುಕೊಳ್ಳಬಹುದು ಎಂದು ಅದು ಹೇಳುತ್ತದೆ. ಬಳಸಲು, ಒಯ್ಯಲು, ಸಾಗಿಸಲು ಮಾತ್ರ ಲೈಸೆನ್ಸ್ ಬೇಕೇ ಬೇಕು. ಇದನ್ನು ಓದಿ ಉತ್ಸಾಹದಲ್ಲಿ ಟ್ರಂಕಿನ ರಿವಾಲ್ವರನ್ನು ಶೋಕೇಸಿಗೆ ಇಟ್ಟುಬಿಡಬೇಡಿ. ಯಾವುದು ಕ್ಯೂರಿಯೊ ಎಂದು ನಾವು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ಡಿಸಿ ಆಫೀಸಿಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಾಳೆ ಅಧಿಕಾರಿ ಬದಲಾದರೆ ಉಳಿಯುವುದಿಲ್ಲ.

ಸಂಖ್ಯೆಯ ಮಿತಿಯೂ ಇದೆ. ಮೊದಲು ಒಬ್ಬರಿಗೆ ಮೂರು ಬಂದೂಕು ಇತ್ತು. 2019ರ ಡಿಸೆಂಬರಿನಿಂದ ಎರಡೇ. ಹಿರಿಯರಿಂದ ಬಂದದ್ದೂ ಆ ಎರಡರೊಳಗೇ ಲೆಕ್ಕ. ಹಂದಿ, ಕರಡಿ ಕಾಟಕ್ಕೆ ಹೊಲದಲ್ಲಿ ಜೋಡಿನಳಿಗೆ ಬಂದೂಕು ಇಟ್ಟುಕೊಂಡ ರೈತನಿಗೆ ಉಳಿಯುವುದು ಒಂದೇ ಜಾಗ. ಹಾಗಾಗಿ ಕಂಡದ್ದೆಲ್ಲ ಕೊಳ್ಳುವ ಸಂಗ್ರಹ ನಮ್ಮಲ್ಲಿ ಸಾಧ್ಯವಿಲ್ಲ. ಒಂದನ್ನೇ ಹುಡುಕಬೇಕು. ಸರಿಯಾದದ್ದನ್ನೇ ಹುಡುಕಬೇಕು.

ಹುಡುಕುವುದು ಎಲ್ಲಿ?

ಎರಡೇ ಜಾಗ. ಮೊದಲನೆಯದು ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗಳ ತಿಜೋರಿ. ಮನೆಯ ಹಿರಿಯರು ತೀರಿಕೊಂಡಾಗ, ಚುನಾವಣೆ ಬಂದಾಗ ಜನ ಅಲ್ಲಿ ಬಂದೂಕು ಜಮಾ ಮಾಡುತ್ತಾರೆ. ಕೆಲವನ್ನು ವಾಪಸ್ ಒಯ್ಯಲು ಯಾರೂ ಬರುವುದೇ ಇಲ್ಲ. ಅಂಗಡಿಯವರ ಜೊತೆ ಒಳ್ಳೇ ಪರಿಚಯ ಇಟ್ಟುಕೊಳ್ಳಿ. ವರ್ಷಕ್ಕೆ ಎರಡು ಸಲ ಹೋಗಿ ಚಹಾ ಕುಡಿದು ಬನ್ನಿ. ಮಾರಾಟಕ್ಕೆ ಬಂದಾಗ ನಿಮ್ಮ ನೆನಪಾಗುತ್ತದೆ.

ಎರಡನೆಯದು ಲೈಸೆನ್ಸ್ ಚಾಲ್ತಿಯಲ್ಲಿರುವ ಹಳೇ ಮನೆತನಗಳು. ಇಲ್ಲಿ ನೇರ ಖರೀದಿ ಸಾಧ್ಯ. ಆದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರ ಲೈಸೆನ್ಸಿನಲ್ಲಿ ಆ ಆಯುಧಕ್ಕೆ ಜಾಗ ಇರಬೇಕು. "ಇವತ್ತೇ ಒಯ್ಯಿ, ಕಾಗದ ಆಮೇಲೆ ನೋಡೋಣ" ಎಂದವರ ಮನೆಯಿಂದ ನೀರು ಕುಡಿದು ಎದ್ದು ಬನ್ನಿ.

ಈಗ ಕಾಗದದ ವಿಷಯ. ನಮ್ಮ ಭಾಗದ್ದೇ ಆದ ತೊಡಕು ಇಲ್ಲಿದೆ. ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮನ ಹೈದರಾಬಾದಿನವು. ಹಾಗಾಗಿ ಬಳ್ಳಾರಿಯ ಹಳೇ ಲೈಸೆನ್ಸುಗಳು ಇಂಗ್ಲಿಷಿನಲ್ಲಿ ಸಿಗಬಹುದು. ಆ ಕಡೆಯವು ಉರ್ದುವಿನಲ್ಲಿರುತ್ತವೆ. ಉರ್ದು ಕಾಗದದಲ್ಲಿ 1352 ಎಂಬ ವರ್ಷ ಕಂಡರೆ ಗಾಬರಿಯಾಗಬೇಡಿ. ಅದು ನಿಜಾಮನ ಆಡಳಿತದಲ್ಲಿ ಬಳಸುತ್ತಿದ್ದ ಫಸಲಿ ವರ್ಷ. 590 ಕೂಡಿಸಿ. 1942ರ ಸುಮಾರಿನದ್ದು ಎಂದು ತಿಳಿಯುತ್ತದೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಡತ ರಾಯಚೂರಿನಲ್ಲಿ ವಿಚಾರಿಸಬೇಕು. ಹೊಸಪೇಟೆ, ಹಡಗಲಿ ಕಡೆಯವರು ವಿಜಯನಗರ ಜಿಲ್ಲೆಯಾದ 2021ಕ್ಕೂ ಹಿಂದಿನದಕ್ಕೆ ಬಳ್ಳಾರಿಗೇ ಬರಬೇಕು.

ಕಬ್ಬಿಣದ ಮೇಲಿನ ಅಕ್ಷರ

ಕಾಗದ ಸರಿ ಇದ್ದರೆ ಆಮೇಲೆ ಭೂತಗನ್ನಡಿ ತೆಗೆಯಿರಿ. ಮೊದಲ ಕೆಲಸ ಸೀರಿಯಲ್ ನಂಬರ್. ನಂಬರ್ ಉಜ್ಜಿ ಅಳಿಸಿದ ಆಯುಧವನ್ನು ಮಾರುವುದೇ ಅಪರಾಧ. ಚೌಕಟ್ಟು, ನಳಿಗೆ, ಸಿಲಿಂಡರ್, ನಂಬರ್ ಇರುವ ಕಡೆಯೆಲ್ಲ ಒಂದೇ ಆಗಿದ್ದರೆ ಭಾಗಗಳು ಮೂಲದವು. ಬೇರೆಯಾಗಿದ್ದರೆ ಯಾವಾಗಲೋ ಜೋಡಿಸಿದ್ದಾರೆ. ಬೆಲೆ ಇಳಿಯುತ್ತದೆ.

ಆಮೇಲೆ ಪ್ರೂಫ್ ಗುರುತು. ಇಂಗ್ಲೆಂಡಿನಲ್ಲಿ ಪ್ರತಿ ಬಂದೂಕನ್ನು ಮಾರಾಟಕ್ಕೂ ಮೊದಲು ಜಾಸ್ತಿ ಮದ್ದು ತುಂಬಿ ಹಾರಿಸಿ ಪರೀಕ್ಷೆ ಮಾಡುತ್ತಿದ್ದರು. ಪಾಸಾದರೆ ಕಿರೀಟದ ಗುರುತು ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡುತ್ತಿದೆ. ವೆಬ್ಲಿಯ ಮೇಲೆ ರೆಕ್ಕೆ ಇರುವ ಗುಂಡಿನ ಚಿತ್ರವೂ ಇರುತ್ತದೆ. ಅದು ಕಂಪನಿಯ ಮುದ್ರೆ. ಸರ್ಕಾರಿ ಸೊತ್ತಾಗಿದ್ದರೆ ಅಗಲ ಬಾಣದ ಗುರುತು ಇರುತ್ತದೆ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸೈನ್ಯದ ಸೇವೆಯಿಂದ ಮಾರಿ ಹೊರಹಾಕಿದ್ದು ಎಂದರ್ಥ. ಕೈಯಲ್ಲಿ ಮಾಡಿದ ನಕಲುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಅಕ್ಷರ ಓರೆ, ಸ್ಪೆಲ್ಲಿಂಗ್ ತಪ್ಪು, ಕಿರೀಟ ಆಳವಿಲ್ಲ, ಪ್ರೂಫ್ ಗುರುತೇ ಇಲ್ಲ. ಇಂಥದ್ದು ಕಂಡರೆ ಕೈ ಹಚ್ಚಬೇಡಿ.

ಹಿಡಿ ಬೆಳ್ಳಗೆ ಹೊಳೆಯುತ್ತಿದ್ದರೆ ಅದೂ ಒಂದು ಪ್ರಶ್ನೆ. ಜಮೀನ್ದಾರಿ ಮನೆಗಳ ಕೆಲವು ರಿವಾಲ್ವರುಗಳಿಗೆ ಆನೆದಂತದ ಹಿಡಿ ಇರುತ್ತದೆ. ಆಗ ಆಯುಧ ಕಾಯ್ದೆಯ ಜೊತೆ ವನ್ಯಜೀವಿ ಕಾಯ್ದೆಯೂ ಬರುತ್ತದೆ. ದಂತದ ಮಾರಾಟಕ್ಕೆ ಅವಕಾಶವಿಲ್ಲ.

ನಮ್ಮ ಮನೆಯದೇ ಒಂದು ನೋವು ಹೇಳಬೇಕು. ತಾತನ ಹತ್ತಿರ ಲೈಸೆನ್ಸ್ ಇದ್ದ .32 ವೆಬ್ಲಿ ಒಂದಿತ್ತು. ನಾನಿನ್ನೂ ಚಿಕ್ಕವನು. ಒಂದು ಆಯುಧ ಪೂಜೆಗೆ ದೊಡ್ಡಪ್ಪ ಅದನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರು. ಹಿತ್ತಾಳೆ ಬಿಂದಿಗೆ ತಿಕ್ಕುವ ಹಾಗೆ. ಪ್ರೀತಿಯಿಂದಲೇ ತಿಕ್ಕಿದರು. ಬೆಳ್ಳಿಯ ಹಾಗೆ ಹೊಳೆಯಿತು. ಎಲ್ಲರೂ ಮೆಚ್ಚಿದರು. ನೀಲಿಗಪ್ಪು ಬಣ್ಣ ಪೂರ್ತಿ ಹೋಗಿತ್ತು. ಕಿರೀಟದ ಗುರುತು ಬೆರಳಿಗೆ ಸಿಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ನೂರು ವರ್ಷದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಯಿತು. ಮತ್ತೆ ಬಣ್ಣ ಹಾಕಿಸಿದರೆ ಹೊಸದಾಗಿ ಕಾಣಬಹುದು, ಹಳೇದು ವಾಪಸ್ ಬರುವುದಿಲ್ಲ. ಸಂಗ್ರಾಹಕರು ಮಾಸಿದ ಮೂಲ ಬಣ್ಣಕ್ಕೆ ಕೊಡುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕೆ ಕೊಡುವುದಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಪೂಜೆ ಮಾಡಿ, ಆದರೆ ಒದ್ದೆ ವಿಭೂತಿ, ಕುಂಕುಮವನ್ನು ಕಬ್ಬಿಣಕ್ಕೆ ಹಚ್ಚಬೇಡಿ. ಅದರ ತೇವದಿಂದ ತುಕ್ಕು ಶುರುವಾಗುತ್ತದೆ. ಕೆಳಗೆ ಒಂದು ಎಲೆ ಇಟ್ಟು ಅದರ ಮೇಲೆ ಹೂವು ಏರಿಸಿ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಚರ್ಮವೂ ತೇವ ಹಿಡಿಯುತ್ತದೆ. ಬಳ್ಳಾರಿಯ ಒಣ ಬಿಸಿಲು ಕಬ್ಬಿಣಕ್ಕೆ ಒಳ್ಳೆಯದು, ಮರದ ಹಿಡಿಗೆ ಕೆಟ್ಟದ್ದು, ಸೀಳುತ್ತದೆ. ಗಣಿಯ ಕೆಂಪು ದೂಳು ಅದಿರಿನ ಪುಡಿ. ಬಟ್ಟೆಯಿಂದ ಒತ್ತಿ ಒರೆಸಿದರೆ ಉಪ್ಪುಕಾಗದದ ಹಾಗೆ ಗೀರುತ್ತದೆ. ಮೆತ್ತನೆ ಬ್ರಷ್‌ನಿಂದ ಕೊಡವಿ, ಆಮೇಲೆ ತೆಳುವಾಗಿ ಬಂದೂಕಿನ ಎಣ್ಣೆ ಸವರಿ. ಅಷ್ಟೇ ಸಾಕು.

ಟ್ರಂಕಿನಲ್ಲಿ ಸಿಕ್ಕಿದ ತಾತನ ರಿವಾಲ್ವರಿಗೆ ಬರೋಣ. ಅದನ್ನು ಬೈಕಿನ ಡಿಕ್ಕಿಯಲ್ಲಿಟ್ಟು ನನ್ನ ಹತ್ತಿರ ತರಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಟ್ರಿಗರ್ ಮುಟ್ಟಬೇಡಿ. ಒಳಗೆ ಗುಂಡು ಇದೆ ಎಂದೇ ತಿಳಿಯಿರಿ. ಒಬ್ಬ ವಕೀಲರನ್ನು ಕೇಳಿ, ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ಅಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರ ಜಮಾ ಮಾಡಿ ರಸೀದಿ ತಗೊಳ್ಳಿ. ಕಾನೂನು ಹೇಳುವುದೂ ಅದನ್ನೇ. ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಇನ್ನೂ ಬದುಕಿರುವ ಹಿರಿಯರಿದ್ದರೆ ಇನ್ನೂ ಸುಲಭ. 70 ವರ್ಷ ದಾಟಿದವರು ಅಥವಾ 25 ವರ್ಷ ಆಯುಧ ಇಟ್ಟುಕೊಂಡವರು ತಾವು ಸೂಚಿಸಿದ ವಾರಸುದಾರರಿಗೆ ಕೊಡಿಸುವ ದಾರಿ 2016ರ ನಿಯಮಗಳಲ್ಲಿದೆ.

ಹೋದ ಸಲ ಫೋನ್ ಮಾಡಿದ್ದ ರಾಯಚೂರು ಕಡೆಯ ಹುಡುಗ ಹೇಳಿದ ಹಾಗೆ ಕೇಳಿದ. ಮೊದಲು ಠಾಣೆಯಲ್ಲಿ ಜಮಾ ಮಾಡಿದ. ಆಮೇಲೆ ಮನೆಯೆಲ್ಲ ಹುಡುಕಿದ. ಮೂರು ತಿಂಗಳ ನಂತರ ತಾತನ ಅಡತಿ ಲೆಕ್ಕದ ಪುಸ್ತಕದ ನಡುವೆ ಮಡಿಚಿಟ್ಟ ಉರ್ದು ಹಾಳೆ ಸಿಕ್ಕಿತು. ನಿವೃತ್ತ ಉರ್ದು ಮೇಷ್ಟ್ರೊಬ್ಬರ ಮನೆಗೆ ಇಬ್ಬರೂ ಹೋದೆವು. ಅವರು ಕನ್ನಡಕ ಒರೆಸಿಕೊಂಡು ಒಂದೊಂದೇ ಅಂಕಿ ಓದಿದರು. ನಾನು ಠಾಣೆಯ ರಸೀದಿಯಲ್ಲಿ ಬರೆದ ನಂಬರಿನ ಮೇಲೆ ಬೆರಳಿಟ್ಟು ಹೋಲಿಸುತ್ತಾ ಹೋದೆ. ಕೊನೆಯ ಅಂಕಿಯೂ ಕೂಡಿತು. ಮಾರನೇ ದಿನ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಅವನು ಡಿಸಿ ಆಫೀಸಿಗೆ ಹೋದ.